ಬೆರಳು ಗಡಿ ದಾಟಬಾರದು

ನಮ್ಮ ಭಾವನ ಆಸ್ತಿ ಎಂದರೆ ಎರಡೇ: ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸಾಲಾಗಿ ಕೂತಿದ್ದ ಹಳೆಯ ಟೈಪ್‌ರೈಟರುಗಳು, ಮತ್ತು ಒಂದು ಮರದ ಸ್ಕೇಲು. ಮೊದಲನೆಯದು ಕಲಿಯುವವರಿಗೆ, ಎರಡನೆಯದು ಕಲಿಯದವರಿಗೆ. ಅಕ್ಕನನ್ನು ಆಸ್ತಿಯ ಲೆಕ್ಕಕ್ಕೆ ಸೇರಿಸುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇಲ್ಲ.

ಟೈಪಿಂಗ್ ಮೇಷ್ಟ್ರಾಗಿ ಭಾವನದು ಒಂದೇ ಧರ್ಮ. ಕೀಲಿಮಣೆಯ ನಡುವೆ ಒಂದು ಗೆರೆ ಎಳೆದರೆ ಎಡಗಡೆಯ ಅಕ್ಷರಗಳೆಲ್ಲ ಎಡಗೈಗೆ, ಬಲಗಡೆಯವೆಲ್ಲ ಬಲಗೈಗೆ. "ಬೆರಳು ಗಡಿ ದಾಟಬಾರದು. ಪಕ್ಕದ ಮನೆಗೆ ಹೇಳದೆ ಕೇಳದೆ ನುಗ್ತೀರೇನ್ರೀ?" ಎನ್ನುತ್ತಿದ್ದರು. ನುಗ್ಗಿದ ಬೆರಳಿಗೆ ಸ್ಕೇಲಿನ ಏಟು ಬೀಳುತ್ತಿತ್ತು.

ಏಟು ತಿಂದವರಲ್ಲಿ ನಮ್ಮಕ್ಕನೂ ಒಬ್ಬಳು. ಮದುವೆಗೆ ಮುಂಚೆ ಅವಳನ್ನು ಅಲ್ಲಿಗೇ ಟೈಪಿಂಗ್ ಕಲಿಯಲು ಸೇರಿಸಿದ್ದರು. ಅವಳ ಎಡಗೈಯ ತೋರುಬೆರಳು ಹುಟ್ಟಾ ಪುಂಡ, ಬಲಗೈಯ ಕೆಲಸಕ್ಕೂ ತಾನೇ ಓಡುತ್ತಿತ್ತು. ಅಕ್ಷರ ಮುಗಿದು ಪದ ಶುರುವಾಗುವ ಮೊದಲೇ ಬೆರಳು ಊದಿಸಿಕೊಂಡು ಅಳುತ್ತ ಮನೆಗೆ ಬಂದಳು. ತೋಳೇರಿಸಿಕೊಂಡು ಜಗಳಕ್ಕೆ ಹೋದ ಅಪ್ಪ ಸಂಬಂಧ ಕುದುರಿಸಿಕೊಂಡು ಬಂದರು. ಅಲ್ಲಿ ಏನು ಮಾತಾಯಿತೋ, ಅಪ್ಪ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಭಾವನಿಗೆ ಚಹಾದ ಚಟ. ಬಲಗೈಯಲ್ಲಿ ಲೋಟ ಇರುವಷ್ಟು ಹೊತ್ತು ಎಡಗೈ ಸೋಮಾರಿಯಾಗಿ ಕೂರುವುದು ಅವರಿಗೆ ಸಹಿಸದು. ಹಾಗಂತ ಅದು ಗಡಿ ದಾಟುವ ಹಾಗೂ ಇಲ್ಲ. ಅದಕ್ಕೇ ಎಡಗಡೆಯ ಅಕ್ಷರಗಳಲ್ಲೇ ಹುಟ್ಟಿ ಅಲ್ಲೇ ಮುಗಿಯುವ ಇಂಗ್ಲಿಷ್ ಪದಗಳನ್ನು ಹುಡುಕತೊಡಗಿದರು. ಉದ್ದವಾದಷ್ಟೂ ಪುಣ್ಯ ಹೆಚ್ಚು. ನಿಘಂಟು ತಿರುವಿ ತಿರುವಿ ಅದರ ರಟ್ಟು ಕಿತ್ತುಬಂತು. ವಾಟರ್‌ಕ್ರೆಸ್ ಸಿಕ್ಕ ದಿನ ಒಂದು ಲೋಟ ಚಹಾ ಹೆಚ್ಚಿಗೆ ಕುಡಿದರು. ಅದು ತಿನ್ನುವ ಸೊಪ್ಪೋ ಕಟ್ಟುವ ಹಗ್ಗವೋ ಅವರಿಗೆ ಬೇಕಾಗಿರಲಿಲ್ಲ. ಎಕ್ಸಾಜರೇಟೆಡ್ ಸಿಕ್ಕಾಗ ಇಡೀ ಕ್ಲಾಸಿಗೆ ರಜೆ ಕೊಟ್ಟರು. ಬಲಗೈಗೂ ಅಂಥ ಪದಗಳಿದ್ದವು, ಲಾಲಿಪಾಪ್, ಮೊನಾಪಲಿ. ನಾನು ಅದನ್ನು ನೆನಪಿಸಿದರೆ, "ಬಲಗೈಗೆ ಚಹಾ ಇದೆಯಲ್ಲೋ, ಇನ್ನೇನು ಬೇಕು ಅದಕ್ಕೆ?" ಎಂದು ಮೂಗು ಮುರಿಯುತ್ತಿದ್ದರು.

ಕೊನೆಗೊಂದು ದಿನ ಪಟ್ಟದ ರಾಣಿಯೇ ಸಿಕ್ಕಳು: ಸ್ಟೀವರ್ಡೆಸಸ್. ಹನ್ನೆರಡು ಅಕ್ಷರ, ಒಂದೂ ಗಡಿಯಾಚೆಯದಲ್ಲ. ಹಾಳೆಗಟ್ಟಲೆ ಅದನ್ನೇ ಹೊಡೆದರು. ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ಅಂಥದ್ದೊಂದು ಹಾಳೆ ಅಕ್ಕನ ಕೈಗೆ ಬಿತ್ತು. ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಸೈಕಲ್ ಅಂಗಡಿಯವನನ್ನು ಕೇಳಿದಳು.

"ವಿಮಾನದಲ್ಲಿ ಊಟ ತಿಂಡಿ ಕೊಡೋ ಹೆಂಗಸರಮ್ಮ," ಎಂದ ಆತ. ಅಷ್ಟಕ್ಕೇ ಬಿಡಬೇಕಿತ್ತು. "ಒಬ್ಬಳಲ್ಲ, ತುಂಬಾ ಜನ."

ಅವತ್ತು ಭಾವನಿಗೆ ಗ್ರಹಚಾರ ಬಿಡಿಸಿದಳು ಅಕ್ಕ. "ಬಸ್ ಹತ್ತಿದ್ರೆ ವಾಂತಿ ಮಾಡ್ಕೊಳ್ಳೋ ಮುಖಕ್ಕೆ ವಿಮಾನದ ಹೆಂಗಸರು ಬೇರೆ ಕೇಡು!"

"ಅರ್ಥ ಯಾಕೆ ನೋಡ್ತೀಯೇ? ಬೆರಳು ನೋಡು, ಬೆರಳು!" ಎಂದು ಭಾವ ಗೋಗರೆದರು. ಬೆರಳು ನೋಡುವವರು ಯಾರು? ಎಷ್ಟೋ ದಿನ ಮನೆಯಲ್ಲಿ ಅವರಿಗೆ ಚಹಾ ಸಿಗಲಿಲ್ಲ.

ಹೀಗೇ ಜಗಳಾಡಿಕೊಂಡು ಇಬ್ಬರ ತಲೆಯೂ ನೆರೆಯಿತು. ಒಂದು ಬೆಳಿಗ್ಗೆ ಭಾವನ ಬಲಗೈಯಿಂದ ಲೋಟ ಜಾರಿ ಬಿತ್ತು. ಲಕ್ವ ಹೊಡೆದಿತ್ತು. ಬಲಗಡೆ ಪೂರ್ತಿ ಸತ್ತ ಹಾಗಾಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೂ ಕರೆದರೆ ತಿರುಗರು, ಕೇಳಿದರೆ ತಲೆಯಾಡಿಸರು. ಚಾವಣಿ ನೋಡುತ್ತ ಮಲಗಿರುತ್ತಿದ್ದರು. ಆ ಕಣ್ಣು ನೋಡಲು ನನಗೆ ಭಯವಾಗುತ್ತಿತ್ತು.

ಸೈಕಲ್ ಅಂಗಡಿಯವ ನೋಡಲು ಬಂದ. ಕಟ್ಟಡವೂ ಅವನದೇ. ತಲೆ ಕೆರೆದುಕೊಂಡು, "ಹೆಂಡತಿ ಗುರುತೇ ಇಲ್ಲ ಅಂದ್ಮೇಲೆ ಮೇಷ್ಟ್ರು ಇನ್ನೇನು ಕ್ಲಾಸ್ ನಡೆಸ್ತಾರಮ್ಮ? ಮಷೀನುಗಳನ್ನ ಗುಜರಿಗೆ ಹಾಕಿಬಿಡಿ. ನಂಗೂ ಟೈರ್ ಇಡೋಕೆ ಜಾಗ ಇಲ್ಲ," ಎಂದ.

"ಅವರಿಗೆ ನನ್ನ ಗುರುತಿಲ್ಲ ಅಂತ ಖಾತ್ರಿಯಾಗಲಿ, ನಾನೇ ಹೊತ್ತು ಹಾಕ್ತೀನಿ," ಎಂದಳು ಅಕ್ಕ. ನಂತರ ನನ್ನ ಕಡೆ ತಿರುಗಿ, "ಲೋ, ಹೋಗಿ ಒಂದು ಮಷೀನ್ ತಗೊಂಬಾ," ಎಂದಳು.

ಹೊತ್ತು ತಂದೆ. ಸೊಂಟ ಹಿಡಿದದ್ದನ್ನು ಯಾರೂ ಕೇಳಲಿಲ್ಲ. ಮಷೀನಿನ ಮುಚ್ಚಳದೊಳಗೆ ಆ ಸ್ಕೇಲೂ ಬಂದಿತ್ತು. ನೋಡಲು ಬಂದಿದ್ದ ಡಾಕ್ಟರ ಎದುರಿಗೇ ಭಾವನನ್ನು ದಿಂಬಿಗೆ ಒರಗಿಸಿ, ಮಷೀನನ್ನು ಮುಂದಿಟ್ಟು, ಹಾಳೆ ಸಿಕ್ಕಿಸಿದೆವು. ಎಡಗೈ ಮೆಲ್ಲಗೆ ಎದ್ದಿತು. ಟಕ್. ಟಕ್. ಅಕ್ಕ ಉಸಿರು ಬಿಗಿಹಿಡಿದು, ತನ್ನ ಹೆಸರೇ ಬರುತ್ತದೆಂದು ಹಾಳೆಯ ಮೇಲೆ ಬಗ್ಗಿದಳು.

ಸ್ಟೀವರ್ಡೆಸಸ್.

"ನಿಮ್ಮ ವಿಮಾನಕ್ಕಿಷ್ಟು ಬೆಂಕಿ ಹಾಕ!" ಎಂದವಳೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಬೆರಳಿನ ಅಭ್ಯಾಸ ಇರಬಹುದಮ್ಮ," ಎಂದರು ಡಾಕ್ಟರು ಮೆಲ್ಲಗೆ. "ನಿಮ್ಮ ಗುರುತಿದೆ ಅಂತ ಇದರಿಂದ ಹೇಳೋಕಾಗಲ್ಲ." ನನಗೂ ಹಾಗೇ ಅನಿಸಿತು.

ಅಕ್ಕ ಮೂಗು ಒರೆಸಿಕೊಂಡು ಭಾವನ ಪಕ್ಕ ಕೂತಳು. ತನ್ನ ಎಡಗೈ ಚಾಚಿ, ಅದೇ ಪುಂಡ ತೋರುಬೆರಳಿಂದ ಗಡಿಯಾಚೆಯ ಒಂದು ಅಕ್ಷರ ಒತ್ತಿದಳು. ಭಾವನ ಕಣ್ಣು ಹಾಳೆಯಿಂದ ಬೆರಳಿಗೆ ಇಳಿಯಿತು. ಅವಳು ಇನ್ನೊಂದು ಒತ್ತಿದಳು. ಭಾವನ ಹುಬ್ಬು ಗಂಟಿಕ್ಕಿತು. ಮತ್ತೊಂದಕ್ಕೆ ಕೈ ಹಾಕುವಷ್ಟರಲ್ಲಿ ಅವರ ಎಡಗೈ ಪಕ್ಕದಲ್ಲಿಟ್ಟಿದ್ದ ಮುಚ್ಚಳದೊಳಗೆ ತಡಕಾಡಿತು.

ಠಪ್!

ಅಕ್ಕ ಕೈ ಹಿಂದೆಗೆಯಲಿಲ್ಲ. ಭಾವ ಸ್ಕೇಲು ಬಿಟ್ಟು ಅವಳ ಮುಖ ನೋಡಿದರು. ಆಮೇಲೆ ಕೆಂಪಾದ ಆ ಬೆರಳನ್ನು ಹಿಡಿದು, ಮೆತ್ತಗೆ ಸವರಿ, ಗಡಿಯ ಈಚೆಗೆ ಅದರ ಜಾಗಕ್ಕೆ ತಂದಿಟ್ಟರು. ಅಷ್ಟು ವರ್ಷದ ಕ್ಲಾಸಿನಲ್ಲಿ ಅವರು ಏಟು ಕೊಟ್ಟ ಬೆರಳನ್ನು ಸವರಿದ್ದು ನಾನು ನೋಡಿರಲಿಲ್ಲ. ಇಟ್ಟ ಕೈಯನ್ನು ಅಲ್ಲಿಂದ ತೆಗೆಯಲೂ ಇಲ್ಲ. ಅರ್ಧ ಬಾಯಲ್ಲಿ ಏನೋ ಗೊಣಗಿದರು, ಬೈಗುಳವೇ ಇರಬೇಕು.

"ನೋಡಿದ್ರಾ?" ಎಂದು ಅಕ್ಕ ಭಾವನ ಕೈಸಮೇತ ಬೆರಳನ್ನು ಡಾಕ್ಟರ ಮುಂದೆ ಹಿಡಿದಳು. ಡಾಕ್ಟರು ನಕ್ಕುಬಿಟ್ಟರು. ಚಹಾ ಕುಡಿಸಬಹುದೇ ಎಂದು ಕೇಳಿದರೆ, ಗಂಟಲು ನೋಡಿ ನಾಳೆಯಿಂದ ಚಮಚದಲ್ಲಿ ಕೊಡಿ ಎಂದರು.

ಅಕ್ಕ ಸೀದಾ ಸೈಕಲ್ ಅಂಗಡಿಗೆ ಹೋಗಿ ಟೈರು ಬೇರೆ ಕಡೆ ಇಟ್ಟುಕೋ ಎಂದು ಹೇಳಿ ಬಂದಳು. ಬೆರಳಿಗೆ ಎಣ್ಣೆ ಹಚ್ಚಿಕೊಳ್ಳೇ ಎಂದರೆ ಕೇಳಲಿಲ್ಲ. ಬಾವು ಇಳಿಯುವವರೆಗೂ ಅದನ್ನು ಹೊಸ ಉಂಗುರದ ಹಾಗೆ ಬೀದಿಯವರಿಗೆಲ್ಲ ತೋರಿಸಿಕೊಂಡು ತಿರುಗಿದಳು.