ಹಿಂದೆ ನಡೆಯುವ ಅಮಸಿದ್ದ

ಅರಕೇರಿಯ ಅಮಸಿದ್ದ ಮೂವತ್ತು ವರ್ಷ ಕುರಿ ಕಾಯ್ದವನು. ಭೂತನಾಳ ಕೆರೆಯ ಆಚೆಗಿನ ಗುಡ್ಡದ ಒಂದೊಂದು ಜಾಲಿಗಿಡವೂ ಅವನಿಗೆ ಗೊತ್ತು. ಅದಕ್ಕೇ ವಿಜಯಪುರದ ನಡಿಗೆ ಸಂಘದವರು ರವಿವಾರದ ಸುತ್ತಾಟಕ್ಕೆ ದಾರಿ ತೋರಿಸಲು ಅವನನ್ನು ಕರೆದರು. ಪುಣ್ಯಾತ್ಮ ಮಾಡಿದ್ದೇನು? ಹನ್ನೆರಡು ಮಂದಿಯನ್ನು ಮುಂದೆ ಬಿಟ್ಟು, ಹೆಗಲ ಮೇಲೆ ಕೋಲಿಟ್ಟುಕೊಂಡು ತಾನು ಎಲ್ಲರ ಹಿಂದೆ ಹೊರಟ. ಕವಲು ಬಂದಲ್ಲಿ ಮುಂದಿನವರು ತಪ್ಪುದಾರಿ ಹಿಡಿದರು. ಅಮಸಿದ್ದ ಹಿಂದಿನಿಂದ ಸಿಳ್ಳು ಹಾಕಿದ. ಎಲ್ಲರೂ ತಿರುಗಿದರು.

ಸಂಘದ ಮುಖಂಡ ಭೀಮಾಶಂಕರ ಸಿಡುಕಿದರು. “ಏ ಅಮಸಿದ್ದ, ದಾರಿ ತೋರ್ಸಾಂವ ಮುಂದ ಇರಬೇಕೋ ಬ್ಯಾಡೋ?”

“ಕುರಿ ಕಾಯಾಂವ ಹಿಂದ ಇರಬೇಕ್ರೀ ಸಾಹೇಬ್ರ,” ಎಂದುಬಿಟ್ಟು ಅಮಸಿದ್ದ ನಾಲಿಗೆ ಕಚ್ಚಿಕೊಂಡ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಉಳಿದವರು ನಿವೃತ್ತ ಶಿಕ್ಷಕಿ ಚಂದ್ರಕಲಾ ಒಬ್ಬರೇ. ಮೊಣಕಾಲಿನ ಆಪರೇಷನ್ ಆದಮೇಲೆ ಅವರು ಹತ್ತಿದ ಮೊದಲ ಗುಡ್ಡವಿದು. ಅವರು ದಣಿದು ನಿಂತಲ್ಲೆಲ್ಲ ಅಮಸಿದ್ದನೂ, ಜಾಲಿಯ ಹೂವು ನೋಡುವವನ ಹಾಗೆ, ನಿಂತಿದ್ದ.

ಇಳಿಯುವಾಗ ಅವರು ಮೆಲ್ಲಗೆ ಹೇಳಿದರು: “ಮುಂದಿನ ರವಿವಾರನೂ ನೀವು ಹಿಂದನ ಇರ್ರಿ, ಅಮಸಿದ್ದಪ್ಪ. ಇಷ್ಟು ಸಾವಕಾಶ ನಡದ್ರೂ ಇವತ್ತ ನಾ ಎಲ್ಲಾರ್ಕಿಂತ ಹಿಂದ ಉಳದಾಕಿ ಆಗಲಿಲ್ಲ ನೋಡ್ರಿ.”