ಅರ್ಥಿಂಗ್ ರಾಡಿಗೆ ಒಂದು ತಂಬಿಗೆ ನೀರು

ಇಲ್ಲಿ ಪರದೇಶದಲ್ಲಿ, ಮರ್ಫಿ ಎಂಬ ಊರಿನ ಆಚೆ ಆಕಳು ಸಾಕಿದ್ದ ಧಾರವಾಡದ ಅಂಕಲ್ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ಸೋಲಾರ್ ಕರೆಂಟ್ ಬೇಲಿಗೆಂದು ನೆಲದಲ್ಲಿ ಹೂತಿದ್ದ ಅರ್ಥಿಂಗ್ ರಾಡಿನ ಬುಡಕ್ಕೆ ಒಂದು ತಂಬಿಗೆ ನೀರು ಹಾಕುತ್ತಿದ್ದರು. ಆಮೇಲೆ ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿ, ಬೆರಳು ಜುಮ್ಮೆಂದರೆ ನಗುತ್ತಿದ್ದರು. "ನೆಲ ಒಣಗಿದ್ರ ಕರೆಂಟ್ ಹರಿಯಂಗಿಲ್ಲ, ಬೇಲಿ ಬರೇ ತಂತಿರಿ," ಎನ್ನುವುದು ಅವರ ಮಾತು.

ಒಮ್ಮೆ ನನ್ನ ಜೊತೆ ಬಂದಿದ್ದ ನಮ್ಮತ್ತೆ ಅವರು ನೀರು ಹಾಕುವುದನ್ನು ಪೂಜೆಯೆಂದುಕೊಂಡು, ಚಪ್ಪಲಿ ಬಿಟ್ಟು, ಪರ್ಸಿನಲ್ಲಿದ್ದ ಕುಂಕುಮವನ್ನು ರಾಡಿಗೆ ಹಚ್ಚಿ ಕೈಮುಗಿದರು. ನಾನು ವಿವರಿಸಲು ಹೋದರೆ ಅಂಕಲ್ ತಡೆದರು.

"ಇರ್ಲಿ ಬಿಡ್ರಿ. ನೀರು ಹೋಗೂದು ಭೂಮಿತಾಯಿಗೇ ಅಲ್ಲೇನ್ರಿ?"

ಅಂಕಲ್ ತೀರಿಕೊಂಡ ಮೇಲೆ ಆಂಟಿ ಆಕಳುಗಳನ್ನು ಬೇರೆಯವರಿಗೆ ಕೊಟ್ಟು, ಬೇಲಿಯನ್ನೂ ಕೀಳಿಸಿದರು. ರಾಡ್ ಮಾತ್ರ ಉಳಿದಿದೆ. ಮೊನ್ನೆ ಹೋದಾಗ ಸುತ್ತಲಿನ ನೆಲವೆಲ್ಲ ಬಿರುಕು ಬಿಟ್ಟಿತ್ತು. ರಾಡಿನ ಬುಡ ಹಸಿಯಾಗಿತ್ತು. ಆಂಟಿ ಖಾಲಿ ತಂಬಿಗೆ ಹಿಡಿದು ಒಳಗೆ ಹೋಗುತ್ತಿದ್ದರು.