ಮಂಗಳವಾರ ಬೀಗ ಹಾಕಿದ್ದ ಮನೆ

ಭಕ್ತ ಬಂಧುಗಳೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಾಯಿ ಯಲ್ಲಮ್ಮನಿಗೆ ನಾನು ಬಾಯಿಗೆ ಬಂದಂತೆ ಬೈದಿದ್ದೇನೆ. ಆಕೆ ಅದನ್ನು ಹೊಟ್ಟೆಗೆ ಹಾಕಿಕೊಂಡು ನನಗೆ ಮನೆ ಉಳಿಸಿಕೊಟ್ಟ ಕಥೆ ಇದು.

ಸಯನ್ ಹತ್ತಿರದ ನಮ್ಮ ಝೋಪಡಪಟ್ಟಿಯನ್ನು ಕೆಡವಿ ಸರಕಾರ ಬಿಲ್ಡಿಂಗ್ ಕಟ್ಟಿಸುವುದಿತ್ತು. ಸರ್ವೆಯಲ್ಲಿ ಬಾಗಿಲಿಗೆ ನಂಬರ್ ಬಿದ್ದವರಿಗೆ ಮಾತ್ರ ಅದರಲ್ಲಿ ಮನೆ. ಉಳಿದವರಿಗೆ ಬೀದಿಯೇ ಗತಿ. ಮೂರು ವರ್ಷದ ಹಿಂದೆ ಶ್ರಾವಣದ ಒಂದು ಮಂಗಳವಾರ ಬೆಳ್ಳಂಬೆಳಿಗ್ಗೆ ಸರ್ವೆಯವರು ಹೇಳದೆ ಕೇಳದೆ ಬಂದರು. ವಾಚ್‌ಮನ್ ಆಗಿರುವ ನನ್ನ ಯಜಮಾನರು ಡ್ಯೂಟಿಯಲ್ಲಿದ್ದರು. ನಾನು ಮನೆಗೆ ಬೀಗ ಹಾಕಿ, ಅತ್ತೆಯ ಕಾಲದ ಪದ್ಧತಿಯಂತೆ ಬುಟ್ಟಿ ಹಿಡಿದು, ತಾಯಿಯ ಹೆಸರಿನಲ್ಲಿ ಪಕ್ಕದ ಗಲ್ಲಿಯ ಐದು ಮನೆ ಜೋಗ ಬೇಡಲು ಹೋಗಿದ್ದೆ. ಐದು ಮನೆಯಲ್ಲೂ ಚಹಾ ಕುಡಿದು, ಸುದ್ದಿ ಮುಗಿಸಿ, ಬುಟ್ಟಿ ತುಂಬ ಜೋಳ ತಂದರೆ ನಮ್ಮ ಗಲ್ಲಿಯ ಎಲ್ಲ ಬಾಗಿಲಿಗೂ ಕೆಂಪು ನಂಬರ್! ನಮ್ಮದಕ್ಕೆ ಮಾತ್ರ ಚಾಕ್‌ಪೀಸಿನಲ್ಲಿ 'ಬಂದ್' ಎಂದು ಬರೆದಿತ್ತು.

"ನಿನ್ನ ಕೆಲಸಕ್ಕs ಹೋಗಿದ್ದೆನಲ್ಲವ್ವ! ಇದೇನ ನಿನ್ನ ನ್ಯಾಯ?" ಎಂದು ತಾಯಿಯ ಫೋಟೋವನ್ನು ಗೋಡೆಗೆ ತಿರುಗಿಸಿಟ್ಟೆ. ಮೂರು ದಿನ ದೀಪ ಹಚ್ಚಲಿಲ್ಲ.

ಬಾಂದ್ರಾದ ಸರಕಾರಿ ಕಚೇರಿಗೆ ಲೋಕಲ್‌ನಲ್ಲಿ ಮೂರು ಸಲ ಅಲೆದೆ. ಮೂರನೇ ಸಲ ಸಿಕ್ಕ ಮೇಡಂ ರೇಷನ್ ಕಾರ್ಡ್ ನೋಡಿ, "ವಹಾಂ ರೆಹತೇ ಹೋ, ಯೇ ಕೌನ್ ಬೋಲೇಗಾ?" ಎಂದರು; ನಾವು ಅಲ್ಲಿ ಇರುತ್ತೇವೆಂದು ಹೇಳುವವರು ಯಾರು ಅಂತ. ಬರುವ ಮಂಗಳವಾರ ಹನ್ನೊಂದಕ್ಕೆ ತಾವೇ ಬರುವುದಾಗಿಯೂ, ಐದು ಮಂದಿ ನೆರೆಯವರು ಪಂಚನಾಮೆಗೆ ಸಹಿ ಹಾಕಬೇಕೆಂದೂ ಹೇಳಿದರು. ಹನ್ನೊಂದಕ್ಕೆ ಯಾರು ತಾನೇ ಮನೆಯಲ್ಲಿರುತ್ತಾರೆ? ನನ್ನ ಸಲುವಾಗಿ ಕೆಲಸ ಬಿಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಾಯಿಗಾಗಿ ಯಾರ ಬಾಗಿಲಲ್ಲಾದರೂ ಕೈ ಚಾಚುವವಳು ನಾನು. ನನಗಾಗಿ ಬೇಡಿ ಗೊತ್ತಿರಲಿಲ್ಲ. ಮನೆ ಹೋಯಿತೆಂದೇ ತಿಳಿದೆ.

ಆ ಮಂಗಳವಾರ ಬೆಳಿಗ್ಗೆ ಸಿಟ್ಟಿದ್ದರೂ ಪದ್ಧತಿ ಬಿಡಲಾಗದೆ ಬುಟ್ಟಿ ಎತ್ತಿಕೊಂಡೆ. ಮೊದಲ ಹಿಡಿ ಯಾವಾಗಲೂ ವಿಜಯಪುರ ಕಡೆಯ ಖೈರುನ್ ಆಪಾನದು. ಮನೆಯಲ್ಲೇ ಬ್ಲೌಸ್ ಹೊಲಿಯುವ ಆಪಾ ಮಷಿನ್ ನಿಲ್ಲಿಸಿ ಎದ್ದು ಬಂದಳು.

"ಯಾಕ ಶಾಂತವ್ವ, ಉಧೋ ಅನ್ನಾಕೂ ದನಿ ಇಲ್ಲಲ್ಲ?"

ಅಳುತ್ತ ಎಲ್ಲ ಹೇಳಿದೆ. ಆಪಾ ಜೋಳ ಹಾಕಿ, ಬುಟ್ಟಿಯನ್ನು ತಾನೇ ಕಸಿದುಕೊಂಡಳು.

"ನಡೀ, ಉಳಿದ ನಾಕು ಮನಿಗೆ ನಾನೂ ಬರ್ತೀನಿ. ಈ ಸಲ ಜೋಳ ಬ್ಯಾಡ, ಮಂದೀನ್ನs ಬೇಡೂಣು!"

ಒಬ್ಬಳು ಹಿಟ್ಟು ಕಲಸಿದ ಕೈಯಲ್ಲೇ ಹೊರಟಳು. ಇನ್ನೊಬ್ಬಳು ತಾನು ಕೆಲಸಕ್ಕೆ ಹೋಗುವ ಮನೆಯ ಸೇಠಾಣಿಗೆ ಫೋನ್ ಮಾಡಿ, ಇಲ್ಲದ ಹೊಟ್ಟೆನೋವು ತಂದುಕೊಂಡಳು. ಹನ್ನೊಂದಕ್ಕೆ ಮೇಡಂ ಬಂದಾಗ ನನ್ನ ಬಾಗಿಲಲ್ಲಿ ಐದು ಮಂದಿ ಸಾಲಾಗಿ ನಿಂತಿದ್ದರು. ಇವಳು ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಆಪಾ, "ಹರ್ ಮಂಗಲ್‌ವಾರ್ ಆತೀ ಹೈ, ಮೇಡಂ. ಚಾಯ್ ಪಿಯೇ ಬಿನಾ ಜಾತೀ ನಹೀಂ" ಎಂದಳು; ಪ್ರತಿ ಮಂಗಳವಾರ ಬರುತ್ತಾಳೆ, ಚಹಾ ಕುಡಿಯದೆ ಕದಲುವುದಿಲ್ಲ ಅಂತ. ಮೇಡಂ ನಕ್ಕುಬಿಟ್ಟರು. ಐದು ಸಹಿ ಬಿತ್ತು, ಬಾಗಿಲಿಗೆ ಕೆಂಪು ನಂಬರೂ ಬಿತ್ತು. ಒಳಗೆ ಓಡಿ ಫೋಟೋ ತಿರುಗಿಸಿ, ತಾಯಿಯ ಮುಂದೆ ಕುಳಿತು ಮನಸಾರೆ ಅತ್ತೆ.

ಈ ತಿಂಗಳು ಏಳನೇ ಮಾಳಿಗೆಯ ಮನೆಯ ಕೀಲಿ ಕೈಗೆ ಬಂತು. ಇಷ್ಟು ವರ್ಷ ಆ ಐದು ಬಾಗಿಲಿಗೆ ತಾಯಿ ನನ್ನನ್ನು ಜೋಳಕ್ಕಾಗಿ ಕಳಿಸುತ್ತಿರಲಿಲ್ಲ ಎಂದು ಈಗ ದೃಢವಾಗಿ ನಂಬುತ್ತೇನೆ. ಆ ಐವರಿಗೂ ಇದೇ ಬಿಲ್ಡಿಂಗಿನಲ್ಲಿ ಮನೆ ಸಿಕ್ಕಿದೆ. ಮಂಗಳವಾರ ಬುಟ್ಟಿ ಹಿಡಿದು ಲಿಫ್ಟ್ ಹತ್ತುತ್ತೇನೆ. ಬೀಗ ಮಾತ್ರ ಹಾಕುವುದಿಲ್ಲ. ಯಜಮಾನರಿಗೆ ಅಂದು ರಜೆ ಹಾಕಿಸಿ, ಬಾಗಿಲಲ್ಲಿ ಕುರ್ಚಿ ಕೊಟ್ಟು ಕೂರಿಸಿಯೇ ಹೋಗುತ್ತೇನೆ. ಉಧೋ ಉಧೋ!